ಹಳೆಯ ಬಂದೂಕಿಗೆ ಬೆಲೆ ಕಟ್ಟಿದವರು

1854ರಲ್ಲಿ ಬಿಜಾಪುರದಲ್ಲಿ ಒಂದು ಹರಾಜು ನಡೆಯಿತು. ಆಗ ಆ ಊರು ಸಾತಾರೆಯ ಕಮಿಷನರ ಆಡಳಿತಕ್ಕೆ ಒಳಪಟ್ಟಿತ್ತು. ಉಪಯೋಗಕ್ಕೆ ಬಾರದೆ ಬಿದ್ದಿರುವ ಹಳೆಯ ಸಾಮಾನುಗಳನ್ನೆಲ್ಲ ವಿಲೇವಾರಿ ಮಾಡಿಬಿಡಿ ಎಂದು ಸಾತಾರೆಯಿಂದ ಹುಕುಂ ಬಂದಿತ್ತು. ಆ ಸಾಮಾನುಗಳ ಪಟ್ಟಿಯಲ್ಲಿ ಮಲಿಕ್-ಎ-ಮೈದಾನ್ ತೋಪೂ ಸೇರಿತ್ತು. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ, ಬಾಯಲ್ಲಿ ಆನೆಯನ್ನು ಕಚ್ಚಿಕೊಂಡ ಮೃಗದ ಮುಖವುಳ್ಳ ಆ ಕಂಚಿನ ತೋಪಿಗೆ ಹರಾಜಿನಲ್ಲಿ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಇಂಥ ವಸ್ತುವಿಗೆ ಈ ಬೆಲೆ ತೀರ ಕಡಿಮೆಯಾಯಿತೆಂದು ಸ್ಥಳೀಯ ಅಧಿಕಾರಿ ಮೇಲಕ್ಕೆ ಬರೆದದ್ದರಿಂದ ಮಾರಾಟ ರದ್ದಾಯಿತು. ತೋಪು ಉಳಿಯಿತು.

ಬಳಸಿದ ಹತಾರಕ್ಕೆ ಬೆಲೆ ಕಟ್ಟುವ ಕೆಲಸ ಈ ಸೀಮೆಯಲ್ಲಿ ಅಂದಿನಿಂದಲೂ ಕಚೇರಿಯ ಮೇಜಿನ ಮೇಲೆಯೇ ನಡೆದಿದೆ. ಲೋಹದ ತೂಕ, ಕಮ್ಮಾರನ ಕೈಚಳಕ, ಕೊಳ್ಳುವವನ ಅಗತ್ಯ ಇವೆಲ್ಲ ಆಮೇಲಿನ ಮಾತು. ಇಂಡಿಯಲ್ಲೋ ಸಿಂದಗಿಯಲ್ಲೋ ಟಿ.ವಿ.ಯಲ್ಲಿ ಒಲಿಂಪಿಕ್ಸ್ ನೋಡಿದ ತರುಣನೊಬ್ಬ, ಗಾಳಿಯಲ್ಲಿ ಹಾರುವ ಬಿಲ್ಲೆಗೆ ಗುರಿಯಿಡುವ ಆಟ ತನಗೂ ಬೇಕೆಂದು, ಕೈಗೆಟಕುವ ಬೆಲೆಯ ಹಳೆಯ ಬಂದೂಕು ಹುಡುಕಲು ಹೊರಟರೆ ಆತನಿಗೆ ಇದು ಬೇಗ ಅರ್ಥವಾಗುತ್ತದೆ. ಊರಿನ ವಾಡೆಯಲ್ಲಿ ಬಂದೂಕು ಇರುತ್ತದೆ. ಆದರೆ ಅದು ಎರಡು ನಳಿಗೆ ಅಕ್ಕಪಕ್ಕ ಜೋಡಿಸಿದ ಬಂದೂಕು. ಆಟಕ್ಕೆ ಬೇಕಾದದ್ದು ಒಂದರ ಮೇಲೊಂದು ನಳಿಗೆ ಕೂಡಿಸಿದ ಬಂದೂಕು. ಮೊದಲನೆಯದು ಅಗ್ಗಕ್ಕೆ ಸಿಗುತ್ತದೆ, ಎರಡನೆಯದು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಏಕೆ ಹೀಗೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚರೆ ಬಂದೂಕಿನ ತತ್ವ ಈ ನಾಡಿಗೆ ಹೊಸದಲ್ಲ. ಒಂದು ಗುಂಡಿನ ಬದಲು ನೂರಾರು ಸಣ್ಣ ಚೂರುಗಳನ್ನು ಒಟ್ಟಿಗೆ ಹಾರಿಸಿದರೆ ಓಡುವ, ಹಾರುವ ಗುರಿ ತಪ್ಪಿಸಿಕೊಳ್ಳಲಾರದು, ಇಷ್ಟೇ ಅದರ ಗುಟ್ಟು. ಮುದ್ದೇಬಿಹಾಳ ಸೀಮೆಯ ಕೃಷ್ಣಾ ದಂಡೆಯ ರಕ್ಕಸಗಿ-ತಂಗಡಗಿಯ ಹೆಸರು ಹೊತ್ತ 1565ರ ಜನವರಿಯ ಕಾಳಗದಲ್ಲಿ, ಅಹಮದ್‌ನಗರದ ತೋಪುಗಳ ಮುಖ್ಯಸ್ಥ ರೂಮಿಖಾನನು ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿಸಿ, ವಿಜಯನಗರದ ಸೈನ್ಯ ತೀರ ಹತ್ತಿರ ಬಂದಾಗ ಹಾರಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಫೆರಿಷ್ತಾ ಮುಂದೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿದ್ದವನು. ರಾಜ್ಯವೊಂದರ ಹಣೆಬರಹ ಬದಲಿಸಿದ ಆ ಹೊಡೆತ ನಮ್ಮ ಚರೆ ತೋಟಾದ ಹಿರಿಯಣ್ಣ ಎನ್ನಬಹುದು. ತೋಟಾದಲ್ಲಿ ನಾಣ್ಯದ ಬದಲು ಸೀಸದ ಕಾಳುಗಳಿವೆ.

ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದವರೆಗೂ ಈ ಭಾಗದಲ್ಲಿ ಹತಾರ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ದೇಸಾಯಿ, ಪಾಟೀಲರ ವಾಡೆಗಳಲ್ಲಷ್ಟೇ ಅಲ್ಲ, ಹೊಲ ಕಾಯುವವನ ಗುಡಿಸಲಲ್ಲೂ ಮದ್ದು ತುಂಬುವ ಬಂದೂಕು ಇರುತ್ತಿತ್ತು. ಕಿತ್ತೂರಿನ ಕಾಳಗ ನಡೆದ 1824ರಲ್ಲೇ ಸಿಂದಗಿಯಲ್ಲಿ ದಿವಾಕರ ದೀಕ್ಷಿತ ಎಂಬಾತ ಜನ ಕೂಡಿಸಿ ಊರನ್ನು ವಶಪಡಿಸಿಕೊಂಡು, ಠಾಣೆ ಸ್ಥಾಪಿಸಿ, ಕಂದಾಯ ವಸೂಲಿಗೂ ತೊಡಗಿದ್ದ. ಅದು ಬಹಳ ದಿನ ಬಾಳಲಿಲ್ಲ. ಆದರೆ ಹತಾರ ಕೈಗೆ ಸಿಗುವ ಕಾಲದಲ್ಲಿ ಒಬ್ಬ ಗೃಹಸ್ಥ ಸರಕಾರವನ್ನೇ ಕಟ್ಟಲು ಹೊರಡಬಹುದಿತ್ತು ಎಂಬುದನ್ನು ಕಂಪನಿಯ ಅಧಿಕಾರಿಗಳು ಮರೆಯುವಂತಿರಲಿಲ್ಲ.

1857ರ ದಂಗೆಯಾದ ಮೇಲೆ ಎಲ್ಲವೂ ತಲೆಕೆಳಗಾಯಿತು. ಆ ವರ್ಷ ಹೊರಟ ಹತಾರ ಕಾಯಿದೆಯಂತೆ ಪ್ರತಿಯೊಬ್ಬನೂ ತನ್ನ ಆಯುಧವನ್ನು ಸರಕಾರದಲ್ಲಿ ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು. ಕೃಷ್ಣೆಯ ಆಚೆಗೆ, ಆಗಿನ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಒಪ್ಪಲಿಲ್ಲ. ಬೇಟೆಯಿಂದ, ಕಾವಲಿನಿಂದ ಬದುಕುವವನಿಗೆ ಬಂದೂಕು ಒಡವೆಯಲ್ಲ, ಹೊಟ್ಟೆಪಾಡು. ನವೆಂಬರ್ ಕೊನೆಗೆ ಸೈನ್ಯ ಹಲಗಲಿಯನ್ನು ಸುತ್ತುವರಿದು ಬೆಂಕಿ ಇಟ್ಟಿತು. ಸುಮಾರು ನೂರು ಜನ ಸತ್ತರು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಮುಂದೆ ಫ್ಲೀಟ್ ಸಾಹೇಬರು ಸಂಗ್ರಹಿಸಿದ ಹಲಗಲಿ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದದ ಕನ್ನಡಿಗರು ಕಡಿಮೆ. ಆ ಲಾವಣಿಯ ಹಿಂದಿರುವುದು ಬಂದೂಕಿನ ಪರವಾನಗಿಯ ಪ್ರಶ್ನೆ ಎಂಬುದು ಮಾತ್ರ ಪಾಠದ ಗದ್ದಲದಲ್ಲಿ ಮರೆತುಹೋಗುತ್ತದೆ.

ಇದೇ ಹೊತ್ತಿಗೆ ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ನಡೆದದ್ದನ್ನೂ ನೋಡಬೇಕು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡವರಿಗೆ ಹತಾರ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಈ ರಿಯಾಯಿತಿಯನ್ನು 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಕೊಡಗಿನಲ್ಲಿ ಊರ ಹಬ್ಬ. ಬಿಜಾಪುರ ಸೀಮೆಯಲ್ಲೂ ಮಹಾನವಮಿಗೆ ಖಂಡೇ ಪೂಜೆ ಇದೆ. ಪೂಜೆ ಮುಗಿದ ಮೇಲೆ ಹತಾರ ಗೋಡೆಗೆ ಹೋಗುತ್ತದೆ. ಒಂದು ಕಡೆ ಬಂದೂಕು ಆಟವಾಗಿ ಉಳಿಯಿತು, ಇನ್ನೊಂದು ಕಡೆ ಅದು ದಾಖಲೆಯ ವಸ್ತುವಾಯಿತು. ನಾಲ್ಕು ವರ್ಷಗಳ ಅಂತರದಲ್ಲಿ ಹೊರಟ ಎರಡು ಆದೇಶಗಳ ಫಲ ಇದು.

ಲಾರ್ಡ್ ಲಿಟ್ಟನ್ ಕಾಲದ 1878ರ ಹತಾರ ಕಾಯಿದೆ ಕಟ್ಟನ್ನು ಇನ್ನೂ ಬಿಗಿ ಮಾಡಿತು. ಭಾರತೀಯನಿಗೆ ಪರವಾನಗಿ ಕಡ್ಡಾಯ, ಐರೋಪ್ಯನಿಗೆ ಬೇಕಿಲ್ಲ. ಹಳ್ಳಿಯಲ್ಲಿ ಬಂದೂಕು ಯಾರ ಮನೆಯಲ್ಲಿರಬೇಕು ಎಂಬುದನ್ನು ಇನ್ನು ಮುಂದೆ ಸಾಹೇಬರ ಮರ್ಜಿ ತೀರ್ಮಾನಿಸಿತು. ಹೀಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಪರವಾನಗಿಯ ಬಂದೂಕು ಎಂದರೆ ದೊಡ್ಡ ಜಮೀನಿನ, ದೊಡ್ಡ ವಾಡೆಯ ಗುರುತಾಯಿತು. ಬಡವನ ಕೈಯಲ್ಲಿ ಉಳಿದದ್ದು ಕವಣೆ. ಡೋಣಿ ಸಾಲಿನ ಎರೆ ಹೊಲದಲ್ಲಿ ಜೋಳಕ್ಕೆ ಹಾಲು ತುಂಬುವ ಕಾಲಕ್ಕೆ ಮಂಚಿಕೆಯ ಮೇಲೆ ನಿಂತು ಕವಣೆ ಬೀಸುವ ಹುಡುಗ, ಹಾರುವ ಹಕ್ಕಿಯ ಮುಂದಕ್ಕೆ ಎಷ್ಟು ಅಳತೆ ಬಿಟ್ಟು ಕಲ್ಲು ಎಸೆಯಬೇಕೆಂದು ಯಾವ ಶಾಲೆಗೂ ಹೋಗದೆ ಕಲಿತಿರುತ್ತಾನೆ. ಹಾರುವ ಬಿಲ್ಲೆಯ ಆಟದಲ್ಲಿ ಕಲಿಯಬೇಕಾದ ಮೊದಲ ಪಾಠವೂ ಅದೇ. ಹಾಗೆ ನೋಡಿದರೆ ಆ ಹುಡುಗನಿಗೆ ಅರ್ಧ ವಿದ್ಯೆ ಆಗಲೇ ಬಂದಿದೆ.

ಆ ಆಟ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನಲ್ಲಿ ಪೆಟ್ಟಿಗೆಯೊಳಗೆ ಜೀವಂತ ಪಾರಿವಾಳ ಇಟ್ಟು, ದಾರ ಎಳೆದು ಹಾರಿಸಿ ಹೊಡೆಯುತ್ತಿದ್ದರು. ಆ ಪೆಟ್ಟಿಗೆಯಿಂದಲೇ 'ಟ್ರ್ಯಾಪ್' ಎಂಬ ಹೆಸರು ಬಂದದ್ದು. ಅಮೆರಿಕದ ಕ್ಯಾಪ್ಟನ್ ಬೊಗಾರ್ಡಸ್ 1870ರ ದಶಕದಲ್ಲಿ ಗಾಜಿನ ಚೆಂಡುಗಳನ್ನು ಜನಪ್ರಿಯಗೊಳಿಸಿದ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದ. ಹುಡುಗರು ನೀರಿನ ಮೇಲೆ ಚಿಪ್ಪುಗಳನ್ನು ಜಾರಿಸಿ ಎಸೆಯುವುದನ್ನು ಕಂಡು ಅವನಿಗೆ ಇದು ಹೊಳೆಯಿತಂತೆ. ನಮ್ಮ ಹುಡುಗರು ಹೊಂಡದಲ್ಲಿ ಬೋಕಿಬಿಲ್ಲೆ ಎಸೆಯುವ ಆಟವೇ ಅದು. ಈಗಿನ ಬಿಲ್ಲೆಯಲ್ಲಿ ಮಣ್ಣಿಲ್ಲ, ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು. ಅಡ್ಡಳತೆ 110 ಮಿಲಿಮೀಟರ್, ತೂಕ 105 ಗ್ರಾಂ. ಟ್ರ್ಯಾಪ್ ಸ್ಪರ್ಧೆಯಲ್ಲಿ ಅದು ಸುಮಾರು 76 ಮೀಟರ್ ದೂರ ಹಾರುತ್ತದೆ. ಟ್ರ್ಯಾಪ್ 1900ರಿಂದ, ಅಕ್ಕಪಕ್ಕದ ಗೋಪುರಗಳಿಂದ ಬಿಲ್ಲೆ ಹಾರಿಸುವ ಸ್ಕೀಟ್ 1968ರಿಂದ ಒಲಿಂಪಿಕ್ಸ್‌ನಲ್ಲಿವೆ.

ಭಾರತಕ್ಕೆ ಇದು ಅರಮನೆಗಳ ಆಟವಾಗಿ ಬಂತು. ಬಿಕಾನೇರಿನ ಮಹಾರಾಜ ಕರ್ಣಿಸಿಂಗ್ 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು, 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. ದೆಹಲಿಯ ತುಘಲಕಾಬಾದಿನಲ್ಲಿ 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ ಮೈದಾನಕ್ಕೆ ಅವರ ಹೆಸರೇ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದ ರಾಜ್ಯವರ್ಧನ ಸಿಂಗ್ ರಾಠೋಡ್ ಸೈನ್ಯದ ಅಧಿಕಾರಿ. 2024ರ ಪ್ಯಾರಿಸ್‌ನಲ್ಲಿ ಟ್ರ್ಯಾಪ್‌ಗೆ ಇಳಿದ ಪೃಥ್ವಿರಾಜ್ ತೊಂಡೈಮಾನ್ ಪುದುಕ್ಕೋಟೈ ರಾಜಮನೆತನದವರು. ಅದೇ ಕೂಟದ ಸ್ಕೀಟ್ ಮಿಶ್ರ ಜೋಡಿಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಒಂದೇ ಒಂದು ಬಿಲ್ಲೆಯಿಂದ ಕಂಚು ಕಳೆದುಕೊಂಡರು. ಅರಮನೆ ಇಲ್ಲವೇ ಸೈನ್ಯ, ಈ ಎರಡರ ಹೊರಗಿನವರು ಈ ಆಟದಲ್ಲಿ ಇಲ್ಲವೆಂದಲ್ಲ, ಆದರೆ ಅವರ ದಾರಿ ಕಡಿದು. ಆ ಕಡಿದಾದ ದಾರಿಯ ಮೊದಲ ಮೆಟ್ಟಿಲೇ ಬಂದೂಕು.

ಒಂದರ ಮೇಲೊಂದು ನಳಿಗೆಯ ಬಂದೂಕೇ ಏಕೆ ಬೇಕು? ಅಕ್ಕಪಕ್ಕದ ನಳಿಗೆಗಳು ಗುರಿಯಿಡುವವನ ಕಣ್ಣೆದುರು ಅಗಲವಾದ ಹಲಗೆಯಂತೆ ನಿಲ್ಲುತ್ತವೆ. ಮೇಲು-ಕೆಳಗಿನ ನಳಿಗೆಗಳು ಒಂದೇ ಸಣ್ಣ ಗೆರೆಯಂತೆ ಕಾಣುತ್ತವೆ. ಕೆಳನಳಿಗೆಯಿಂದ ಮೊದಲ ಗುಂಡು ಹಾರಿಸಿದರೆ ಅದರ ಒದೆತ ನೇರವಾಗಿ ಹೆಗಲಿಗೆ ಬರುತ್ತದೆ, ಬಂದೂಕಿನ ಮೂತಿ ಹೆಚ್ಚು ಮೇಲಕ್ಕೆ ಎಗರುವುದಿಲ್ಲ. ಎರಡನೆಯ ಗುಂಡಿಗೆ ಕಣ್ಣು ಬೇಗ ಸಿದ್ಧವಾಗುತ್ತದೆ. ಈ ಬಗೆಯನ್ನು ಜನಪ್ರಿಯ ಮಾಡಿದವನು ಅಮೆರಿಕದ ಜಾನ್ ಬ್ರೌನಿಂಗ್. ಆತ 1926ರಲ್ಲಿ ತೀರಿಕೊಂಡ ಮೇಲೆ ಮಗ ವಾಲ್ ಕೆಲಸವನ್ನು ಮುಂದುವರಿಸಿದ. 1930ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಹೆರ್ಸ್ಟಲ್ ಕಾರ್ಖಾನೆಯಿಂದ ಅದು ಮಾರುಕಟ್ಟೆಗೆ ಬಂತು. ಅನಂತರ ಇಟಲಿಯ ಬೆರೆಟ್ಟಾ, ಪೆರಾಜಿ ಕಂಪನಿಗಳು ಈ ಆಟದ ಮೈದಾನಗಳನ್ನು ಆಳಿದವು. ಯುರೋಪು, ಅಮೆರಿಕಗಳಲ್ಲಿ ಹೊಸದಾಗಿ ಆಟ ಕಲಿಯುವವನು ಹತ್ತಿಪ್ಪತ್ತು ವರ್ಷ ಬಳಸಿದ ಇಂಥದೊಂದು ಬಂದೂಕನ್ನು ಅಂಗಡಿಯಲ್ಲಿ ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಾನೆ. ಅಲ್ಲಿ ಹಳೆಯದು ಅಗ್ಗ.

ಇಲ್ಲಿ ಹಳೆಯದೇ ತುಟ್ಟಿ. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯಿದೆ 1962ರಲ್ಲಿ ಜಾರಿಯಾಯಿತು. ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆ ಜನಸಾಮಾನ್ಯರಿಗಾಗಿ 12 ಬೋರಿನ ಬಂದೂಕು ತಯಾರಿಸತೊಡಗಿತು. ಬಿಹಾರದ ಮುಂಗೇರ್ ಮತ್ತು ಜಮ್ಮುವಿನ ಖಾಸಗಿ ಕಾರ್ಖಾನೆಗಳೂ ಜೋಡುನಳಿಗೆ ಮಾಡಿದವು. ಇವೆಲ್ಲ ಬಹುಪಾಲು ಅಕ್ಕಪಕ್ಕದ ನಳಿಗೆಯವು. ಹೊಲ ಕಾಯಲು, ಜೀವ ಕಾಯಲು ಅಷ್ಟು ಸಾಕು ಎಂಬುದು ಲೆಕ್ಕಾಚಾರ. 1980ರ ದಶಕದ ಮಧ್ಯದಲ್ಲಿ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದು ನಿಂತಿತು. ಆಮೇಲೆ ಹೊರದೇಶದ ಬಂದೂಕು ದೇಶದೊಳಕ್ಕೆ ಬರಲು ಉಳಿದ ಕಿಂಡಿಗಳು ಕೆಲವೇ. ಹೆಸರಾಂತ ಗುರಿಕಾರರಿಗೆ ರಿಯಾಯಿತಿ ಇದೆ. ಬಹುಕಾಲ ಹೊರದೇಶದಲ್ಲಿದ್ದು ಮರಳಿದವರಿಗೆ ಷರತ್ತುಗಳ ಮೇಲೆ ಅವಕಾಶವಿದೆ. ಉಳಿದಂತೆ ಮೊದಲೇ ದೇಶದೊಳಗಿದ್ದ ಬಂದೂಕುಗಳೇ ಕೈಯಿಂದ ಕೈಗೆ ತಿರುಗಬೇಕು. ಹುಟ್ಟುವುದು ನಿಂತು ಬೇಡಿಕೆ ಮಾತ್ರ ಬೆಳೆದರೆ ಬೆಲೆ ಏನಾಗುತ್ತದೆಂದು ಇಂಡಿಯ ಲಿಂಬೆ ಬೆಳೆಗಾರನಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೆರ್ಸ್ಟಲ್‌ನ ಬಂದೂಕು ಹುಟ್ಟಿದೂರಿನಲ್ಲಿ ಇರುವ ಬೆಲೆಯ ಎಷ್ಟೋ ಪಟ್ಟಿಗೆ ಇಲ್ಲಿ ಕೈ ಬದಲಿಸುತ್ತದೆ. ಹೆಚ್ಚಿನ ಹಣವೆಲ್ಲ ಕಾನೂನಿನ ಬೆಲೆ.

ಇದೇ ಹೊತ್ತಿನಲ್ಲಿ ವಾಡೆಯ ಜೋಡುನಳಿಗೆಯ ಬೆಲೆ ಇಳಿಯುತ್ತಾ ಬಂತು. 1972ರ ವನ್ಯಜೀವಿ ಕಾಯಿದೆ ಬೇಟೆಗೆ ಕೊನೆ ಹಾಡಿತು. ಹೊಲಕ್ಕೆ ನುಗ್ಗುವ ಚಿಗರಿಗೆ ಗುಂಡು ಹೊಡೆದರೆ ಜೈಲು. ಪ್ರತಿ ಚುನಾವಣೆಗೂ ಬಂದೂಕನ್ನು ಠಾಣೆಯಲ್ಲಿ ಇಟ್ಟು ಬರಬೇಕು, ಮತ್ತೆ ಹೋಗಿ ತರಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅಜ್ಜ ತೀರಿಕೊಂಡರೆ ಬಂದೂಕು ಠಾಣೆಗೋ ಪರವಾನಗಿದಾರ ವ್ಯಾಪಾರಿಯ ಬಳಿಗೋ ಹೋಗಬೇಕು, ಮೊಮ್ಮಗ ತನ್ನ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬೇಕು. ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಮಾಡುವ ಮೊಮ್ಮಗನಿಗೆ ಈ ಓಡಾಟ ಬೇಡ. ಬಂದಷ್ಟು ಬರಲಿ ಎಂದು ಮಾರಲು ಸಿದ್ಧನಾಗುತ್ತಾನೆ. ಹೀಗೆ ಕೊಳ್ಳುವವನಿಗೆ ಬೇಡದ ಬಂದೂಕು ಅಗ್ಗಕ್ಕೆ ಸಿಗುತ್ತದೆ.

ಇದರ ಜೊತೆಗೆ ಭೀಮಾ ತೀರದ ಹಣೆಪಟ್ಟಿ. ಇಂಡಿ, ಸಿಂದಗಿಯ ಕಡೆ ಕಳ್ಳಮಾರ್ಗದಲ್ಲಿ ಬಂದ ನಾಡ ಪಿಸ್ತೂಲುಗಳನ್ನು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಆ ಪಿಸ್ತೂಲಿಗೂ ಬಿಲ್ಲೆ ಹೊಡೆಯುವ ಬಂದೂಕಿಗೂ ಸಂಬಂಧವಿಲ್ಲ. ಒಂದು ಅಂಗಿಯೊಳಗೆ ಅಡಗುವ ವಸ್ತು, ಇನ್ನೊಂದು ಒಂದು ಗಜಕ್ಕಿಂತ ಉದ್ದದ, ಮೂರೂವರೆ ಕಿಲೋ ತೂಕದ, ಸಂಖ್ಯೆ ಕೊರೆದ, ಸರಕಾರದ ದಾಖಲೆಯಲ್ಲಿ ಇರುವ ವಸ್ತು. ಆದರೂ ಅರ್ಜಿಯ ಮೇಲೆ ಊರ ಹೆಸರು ಕಂಡೊಡನೆ ಸಂಶಯದ ಕಣ್ಣು ಎರಡರ ಮೇಲೂ ಬಿದ್ದರೆ ಆಶ್ಚರ್ಯವಿಲ್ಲ. ದಾಖಲೆ ಇಟ್ಟುಕೊಂಡು ಬದುಕುವವನು ದಾಖಲೆ ಇಲ್ಲದವನ ತಪ್ಪಿಗೆ ಬೆಲೆ ತೆರುವುದು ನ್ಯಾಯವಲ್ಲ.

ಇಷ್ಟಾದರೂ ಹಳೆಯ ಬಂದೂಕನ್ನೇ ಕೊಳ್ಳುವೆನೆನ್ನುವವನು ನೋಡಬೇಕಾದದ್ದು ಏನು? ಮೊದಲು ಹೆಸರಿನ ಅರ್ಥ. 12 ಬೋರ್ ಎಂದರೆ, ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ ಅದರಲ್ಲಿ ಒಂದು ಹಿಡಿಯುವ ನಳಿಗೆ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ನಳಿಗೆಯನ್ನು ಬಿಚ್ಚಿ, ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಮೆಲ್ಲನೆ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಬೆಸುಗೆ ಗಟ್ಟಿ. ಒಡೆದ ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿ ಬಿಟ್ಟಿದೆ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ತುಕ್ಕಿನ ಕುಳಿ, ಜಜ್ಜಿದ ಗುರುತು, ಉಬ್ಬಿದ ಉಂಗುರ ಇದ್ದರೆ ಬೇಡ. ಬಂದೂಕನ್ನು ಮುಚ್ಚಿ, ಮುಂಗೈ ಕಟ್ಟಿಗೆಯನ್ನು ತೆಗೆದು ಅಲ್ಲಾಡಿಸಿದರೆ ಕೀಲಿನಲ್ಲಿ ಕಟಕಟ ಸದ್ದು ಬರಬಾರದು. ಬರಿದೇ ಕುದುರೆ ಎಳೆದು ನೋಡುವ ಚಪಲ ಅನೇಕರಿಗೆ. ಅದರಿಂದ ಒಳಗಿನ ಸೂಜಿ ಮುರಿಯುವ ಭಯವಿದೆ. ಹುಸಿ ತೋಟಾ ಹಾಕಿ ನೋಡುವುದು ಲೇಸು.

ವಾಡೆಗಳ ಹಳೆಯ ವಿಲಾಯಿತಿ ಬಂದೂಕುಗಳಲ್ಲಿ ಒಂದು ಅಪಾಯ ಅಡಗಿದೆ. ನಳಿಗೆಯ ಮೇಲೆ ಅಲೆಅಲೆಯಾದ ಚಂದದ ಗೆರೆ ಕಂಡರೆ ಅದು ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ಕರಿಮದ್ದಿನ ಕಾಲದ್ದು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಅದು ಸಿಡಿದು ಕೈಯನ್ನೇ ಒಯ್ಯಬಹುದು. ಇನ್ನು ಕೆಲವು ಬಂದೂಕುಗಳಲ್ಲಿ ತೋಟಾ ಕೂರುವ ಗೂಡು 65 ಮಿಲಿಮೀಟರಿನದು. ಈಗಿನ ತೋಟಾ 70 ಮಿಲಿಮೀಟರ್. ತುರುಕಿದರೆ ಕೂರುತ್ತದೆ, ಅದೇ ಮೋಸ. ಹಾರುವಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಇಂಗ್ಲಿಷ್ ಬಂದೂಕಾದರೆ ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಂ ಪರೀಕ್ಷಾ ಮುದ್ರೆಯನ್ನು ನಳಿಗೆಯ ತಳದಲ್ಲಿ ಹುಡುಕಬೇಕು. ಕೊನೆಗೆ, ಕೆತ್ತಿದ ಸಂಖ್ಯೆ ಪರವಾನಗಿಯಲ್ಲಿರುವ ಸಂಖ್ಯೆಗೆ ಅಕ್ಷರಶಃ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಕೊಂಡವನು ಕೋರ್ಟಿಗೆ ಅಲೆಯಬೇಕಾದೀತು.

ಅಕ್ಕಪಕ್ಕದ ಜೋಡುನಳಿಗೆಯಿಂದ ಬಿಲ್ಲೆ ಹೊಡೆಯಲಾಗದು ಎಂದೇನಿಲ್ಲ. ಲಿಗೋವ್‌ಸ್ಕಿಯ ಕಾಲದಲ್ಲಿ ಜೋಡುನಳಿಗೆಯೆಂದರೆ ಬಹುಮಟ್ಟಿಗೆ ಅದೇ ಇದ್ದದ್ದು. ಕಲಿಯಲು ಅದು ಸಾಲುತ್ತದೆ, ಪದಕಕ್ಕೆ ಸಾಲದು. ಹಗುರಾದ ಬಂದೂಕು ದಿನಕ್ಕೆ ನೂರು ಸಲ ಹೆಗಲಿಗೆ ಒದ್ದರೆ ತಡೆಯುವುದು ಕಷ್ಟ. ಇನ್ನು ತೋಟಾದ ಲೆಕ್ಕ. ಒಂದು ತೋಟಾದಲ್ಲಿ 24 ಗ್ರಾಂ ಚರೆ. ನೂರು ತೋಟಾ ಎಂದರೆ ಎರಡು ಕಿಲೋ ನಾನೂರು ಗ್ರಾಂ ಸೀಸ ಗಾಳಿಗೆ ತೂರಿದಂತೆ. ಒಲಿಂಪಿಕ್ಸ್‌ನ ಅರ್ಹತಾ ಸುತ್ತಿಗೇ 125 ಬಿಲ್ಲೆಗಳು. ವರ್ಷಗಟ್ಟಲೆ ಆಡಿದವನಿಗೆ ಬಂದೂಕಿನ ಬೆಲೆ ಮರೆತುಹೋಗಿ ತೋಟಾದ ಖರ್ಚು ಮಾತ್ರ ನೆನಪಿರುತ್ತದೆ. ಸಾಮಾನ್ಯ ಪರವಾನಗಿಯಲ್ಲಿ ವರ್ಷಕ್ಕೆ ಕೊಳ್ಳಬಹುದಾದ ತೋಟಾಗಳಿಗೆ ಮಿತಿ ಇರುವುದರಿಂದ ರೈಫಲ್ ಸಂಘದ ಸದಸ್ಯತ್ವ ಪಡೆದು, ಗುರಿಕಾರನೆಂದು ದಾಖಲಾಗುವುದೇ ಮೊದಲ ಕೆಲಸ. ಬಂದೂಕಿನ ಹುಡುಕಾಟ ಆಮೇಲೆ.

ಮಾರುವವನಿಗೂ ಕೊಳ್ಳುವವನಿಗೂ ಪರವಾನಗಿ ಇದ್ದರೂ ವ್ಯವಹಾರ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಮಾರುವವನು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವನ ಪರವಾನಗಿ ಪುಸ್ತಕದಲ್ಲಿ ಹೊಸ ಸಂಖ್ಯೆ ಏರಬೇಕು, ಮಾರಿದವನದರಲ್ಲಿ ಹಳೆಯದು ಇಳಿಯಬೇಕು. ಮುದ್ದೇಬಿಹಾಳದವನಾಗಲಿ ಬಾಗೇವಾಡಿಯವನಾಗಲಿ ವಿಜಯಪುರದ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಮಲಿಕ್-ಎ-ಮೈದಾನ್ ಕುಳಿತಿರುವ ಬುರುಜೂ ಅದೇ ಊರಿನಲ್ಲಿದೆ. ಕಾಗದದ ಕೆಲಸಕ್ಕೆ ಸಾಹೇಬರು ಮಧ್ಯಾಹ್ನ ಬನ್ನಿ ಎಂದರೆ, ಅಲ್ಲಿಯತನಕ ನೋಡಿ ಬರಬಹುದು.